ಮೂಲಿಕೆಗಳ ಗುಣಪರೀಕ್ಷೆಗೆ ಕಾಗದದ ಪಟ್ಟಿ

ಅರಿಶಿನದ ನೀರಿಗೆ ಸುಣ್ಣ ಬೆರೆತೊಡನೆ ಕೆಂಪಾದ ಓಕುಳಿಯಾಗುವುದನ್ನು ಕಾಣದ ಗ್ರಾಮಸ್ಥರಿಲ್ಲ. ಅರಿಶಿನ ಬಳಿದು ಒಣಗಿಸಿದ ಕಾಗದವೂ ಕ್ಷಾರ ತಗಲಿದಲ್ಲಿ ಹೀಗೆಯೇ ಕೆಂಪೇರುವುದು. ವಸ್ತುವಿನ ಗುಣವನ್ನು ಬಣ್ಣದಿಂದ ತಿಳಿಯುವ ಈ ಕ್ರಮವನ್ನೇ ಮುಂದುವರಿಸಿ, ಮೂಲಿಕೆಗಳ ಔಷಧಗುಣವನ್ನು ಶೋಧಿಸಲು ವಿಜ್ಞಾನಿಗಳು ಕಾಗದದ ಪಟ್ಟಿಗಳನ್ನು ಉಪಯೋಗಿಸುತ್ತಿರುವರು. ಇವಕ್ಕೆ ಜೈವಿಕ ಸಂವೇದಕಗಳೆಂದು ಹೆಸರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವೈಟ್‌ಸೈಡ್ಸ್ ಎಂಬ ಪಂಡಿತರ ತಂಡದವರು 2007ರಲ್ಲಿ ಕಾಗದದೊಳಗೆ ದ್ರವವು ಹರಿಯತಕ್ಕ ಕಾಲುವೆಗಳನ್ನು ರಚಿಸಿ ತೋರಿಸಿದ ಮೇಲೆ ಈ ವಿದ್ಯೆಯು ಬಹುವಾಗಿ ಬೆಳೆದಿದೆ. ಮೈಸೂರು ನಗರದ ಚೆಲುವಾಂಬಾ ಮಹಲಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿಯೂ ಕೀಟನಾಶಕಗಳ ಶೇಷವನ್ನು ಕಂಡುಹಿಡಿಯುವ ಸಂವೇದಕಗಳ ಸಂಶೋಧನೆಯು ನಡೆದಿರುತ್ತದೆ.

ಒಂದು ವಿಧವನ್ನು ಇಲ್ಲಿ ವಿವರಿಸುವೆವು. ಅಸಿಟೈಲ್‌ಕೋಲೀನ್ ಎಂಬ ದ್ರವ್ಯವು ಒಂದು ನರದಿಂದ ಮತ್ತೊಂದಕ್ಕೆ ಸಂದೇಶವನ್ನು ಒಯ್ಯುವುದು. ಅದನ್ನು ಒಡೆಯುವ ಕಿಣ್ವವೊಂದುಂಟು. ಮುಪ್ಪಿನ ಮರೆವಿನ ರೋಗಕ್ಕೆ ಕೊಡುವ ಕೆಲವು ಮದ್ದುಗಳು ಈ ಕಿಣ್ವವನ್ನು ತಡೆಯುವುವು. ಸ್ನೋಡ್ರಾಪ್ ಜಾತಿಯ ಗೆಡ್ಡೆಗಿಡದಲ್ಲಿ ದೊರೆತ ಗ್ಯಾಲಂಟಮೀನ್ ಅಂಥದು. ಅಮೆರಿಕದಲ್ಲಿ 2001ರಲ್ಲಿ ಅದಕ್ಕೆ ಅನುಮತಿಯಾಯಿತು. ಸೋಸುವ ಕಾಗದದ ಮೇಲೆ ಈ ಕಿಣ್ವವನ್ನು ಹಾಕಿ ಒಣಗಿಸುವರು. ಮೂಲಿಕೆಯ ಸತ್ವವನ್ನು ಒಂದು ತೊಟ್ಟು ಬಿಟ್ಟು, ಕೆಲವು ನಿಮಿಷಗಳ ಬಳಿಕ ಇಂಡಾಕ್ಸಿಲ್ ಅಸಿಟೇಟನ್ನು ಸೇರಿಸುವರು. ಕಿಣ್ವವು ಚುರುಕಾಗಿದ್ದರೆ ನೀಲಿ ಮೂಡುವುದು. ಇದು ನೀಲಿಗಿಡದ ಬಣ್ಣವೇ ಸರಿ. ಸತ್ವವು ಕಿಣ್ವವನ್ನು ತಡೆದಿದ್ದರೆ ಬಣ್ಣವು ಮೂಡದು, ಇಲ್ಲವೆ ಬಹಳ ತಿಳಿಯಾಗಿರುವುದು.

ಜಮೀನ್ದಾರರು ಮುಖ್ಯವಾಗಿ ಗಮನಿಸತಕ್ಕ ಅಂಶವೊಂದಿದೆ. ಬೆಳೆಗೆ ಸಿಂಪಡಿಸುವ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳೂ ಇದೇ ಕಿಣ್ವವನ್ನು ಕೆಡಿಸುವುವು. ಆದುದರಿಂದ ವಿಷ ಸಿಂಪಡಿಸಿದ ಗದ್ದೆಯ ಬದುವಿನಲ್ಲಿ ಕಿತ್ತ ಒಂದೆಲಗವು ಕಾಗದದ ಮೇಲೆ ಉತ್ತಮ ಔಷಧಿಯಂತೆ ತೋರಬಹುದು! ವಿಷಕ್ಕೂ ಮದ್ದಿಗೂ ಇರುವ ಭೇದವನ್ನು ಕಾಗದವು ಅರಿಯದು. ಮಾದರಿಯನ್ನು ಪರೀಕ್ಷೆಗೆ ಕಳುಹಿಸುವವರು ಯಾವ ಕೀಟನಾಶಕವನ್ನು ಯಾವ ದಿನ ಸಿಂಪಡಿಸಲಾಯಿತೆಂಬುದನ್ನು ಬರೆದು ಕಳುಹಿಸತಕ್ಕದ್ದು; ಸಿಂಪಡಿಸದ ಸ್ಥಳದ ಅದೇ ಗಿಡವನ್ನೂ ಬೇರೆ ಚೀಲದಲ್ಲಿ ಇಟ್ಟು ಕಳುಹಿಸುವುದು ಮೇಲು. ತಂಗಡಿ ತೊಗಟೆ, ಅಳಲೆಕಾಯಿ ಮುಂತಾದವುಗಳ ಒಗರು ಅಂಶವು ಅನೇಕ ಕಿಣ್ವಗಳಿಗೆ ಅಂಟಿಕೊಂಡು ತಡೆಯುವುದರಿಂದ ಅವುಗಳ ಫಲಿತಾಂಶವನ್ನೂ ಒಡನೆಯೇ ನಂಬಲಾಗದು. ಎಲೆಯ ಹಸುರು ಬಣ್ಣವು ನೀಲಿಯನ್ನು ಮರೆಮಾಡುವುದೂ ಉಂಟು. ಪಟ್ಟಿಯಲ್ಲಿ ಗುಣವುಳ್ಳದ್ದೆಂದು ಕಂಡ ಸತ್ವವನ್ನು ಪ್ರಯೋಗಶಾಲೆಯಲ್ಲಿ ಬಿಡಿಸಿ ನೋಡುವವರೆಗೆ ಅದು ಮದ್ದೆನಿಸದು.

ಕಿಣ್ವವು ಬಿಸಿಲಿನ ತಾಪಕ್ಕೆ ಬಲಗುಂದುವುದು. ಪಟ್ಟಿಗಳನ್ನು ತಂಪಾದ, ತೇವವಿಲ್ಲದ ಸ್ಥಳದಲ್ಲಿಡಬೇಕು. ಪಟ್ಟಿಯನ್ನು ತೋರಿಸಿ ಮೂಲಿಕೆಗೆ ಬೆಲೆ ಕಟ್ಟುವ ವರ್ತಕನನ್ನು, ಸತ್ವವಿಲ್ಲದೆ ಬರಿಯ ದ್ರಾವಕ ಬಿಟ್ಟ ಮತ್ತೊಂದು ಪಟ್ಟಿಯನ್ನೂ ತೋರಿಸುವಂತೆ ಕೇಳಿರಿ. ಅದು ನೀಲಿಯಾಗದಿದ್ದರೆ ಕಾಗದವೇ ಕೆಟ್ಟಿದೆಯೆಂದು ತಿಳಿಯತಕ್ಕದ್ದು.