ಅಂಕಿತ ಹಿಡಿದು ಹುಡುಕು

ವಿರೂಪಾಪುರಗಡ್ಡೆ,
ಗಂಗಾವತಿ ತಾಲ್ಲೂಕು

ಮುದ್ದಿನ ಮೊಮ್ಮಗಳೇ,

ನೀನು ಕಳಿಸಿದ ಹಾಡುಗಳನ್ನೆಲ್ಲ ಕೇಳಿದೆ. ತಾವೇ ಬರೆದು, ತಾವೇ ರಾಗ ಹಾಕಿ ಹಾಡುವ ಈ ಹುಡುಗಿಯರ ಹೆಸರು ಯಾರಿಗೂ ಗೊತ್ತಿಲ್ಲ ಅಂತ ಬರೆದಿದ್ದೀಯಲ್ಲ, ಆ ಸಂಕಟ ನನಗೂ ತಟ್ಟಿತು. ಇಂಗ್ಲಿಷಿನವು ಅರ್ಥವಾಗಲಿಲ್ಲ, ದನಿ ಚೆನ್ನಾಗಿದೆ. ಒಬ್ಬಾಕೆ ಮಾತ್ರ ಉಸಿರು ಬಿಡುವುದನ್ನೇ ಹಾಡು ಅಂದುಕೊಂಡಿದ್ದಾಳೆ.

ಇಂಥವರು ನಮ್ಮ ಗಡ್ಡೆಗೆ ಹೊಸಬರಲ್ಲ ತಂಗಿ. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರ ಮಾರ್ಚ್‌ನಲ್ಲಿ ರೆಸಾರ್ಟುಗಳನ್ನು ಕೆಡವಿದರಲ್ಲ, ಅದಕ್ಕೂ ಮುಂಚೆ ಇಲ್ಲಿ ಸಂಜೆಯಾದರೆ ಗಿಟಾರ್ ಸದ್ದು. ಯಾವ್ಯಾವುದೋ ದೇಶದ ಹುಡುಗಿಯರು ಚಾಪೆ ಮೇಲೆ ಕೂತು ಸ್ವಂತ ಹಾಡು ಹಾಡೋರು. ರಸ್ತೆಯ ಈಚೆ ಗದ್ದೆಯಲ್ಲಿ ನಾಟಿ ಹಚ್ಚುವ ಹೆಂಗಸರು ಸೊಂಟ ಬಗ್ಗಿಸಿಕೊಂಡು ತಮ್ಮ ಪದ ಹೇಳೋರು. ಒಬ್ಬಾಕೆ ಎತ್ತಿಕೊಟ್ಟರೆ ಉಳಿದವರು ಹಿಮ್ಮೇಳ. ಮೇಸ್ತ್ರಿ ಜಿಪುಣನಾದರೆ ಅವನ ಹೆಸರೂ ಸಾಲಿನೊಳಗೆ ಬಂದುಬಿಡೋದು, ಅದೂ ಅವನ ಎದುರಿಗೇ! ಗಿಟಾರಿನವರು ಬದುವಿನ ಮೇಲೆ ನಿಂತು ಫೋಟೊ ತೆಗೆದುಕೊಂಡು ಹೋದರು. ಪದ ಕಟ್ಟಿದ್ದು ಯಾರು ಅಂತ ಕೇಳಿದವರನ್ನು ನಾನು ಕಾಣೆ. ನಮ್ಮವರೂ ಅವರ ಹೆಸರು ಕೇಳಲಿಲ್ಲ, ಬಿಡು.

ಫೋನು ನಿನಗೆ ಮುಂದೆ ಮುಂದೆ ತಂದಿಡುವುದು ಬಹುಪಾಲು ಬೇರೆಯವರು ಆಗಲೇ ಕೇಳಿ ಮೆಚ್ಚಿದ್ದನ್ನು. ಕೇಳದೆ ಉಳಿದದ್ದು ಕೆಳಗೇ ಉಳಿಯುತ್ತದೆ. ಅದಕ್ಕೇ ಒಂದು ಉಪಾಯ ಹೇಳುತ್ತೇನೆ. ಹುಡುಕುವ ಜಾಗದಲ್ಲಿ ಕನ್ನಡದಲ್ಲೇ ‘ಭೀಮೇಶಕೃಷ್ಣ’ ಅಂತ ಹೊಡೆ. ಹರಪನಹಳ್ಳಿ ಭೀಮವ್ವನ ಅಂಕಿತ ಅದು. ಹೊಳೆಯ ಆಚೆ ಹಂಪಿಯಲ್ಲಿ ಪುರಂದರದಾಸರ ಮಂಟಪ, ನಡುವೆ ಆನೆಗೊಂದಿಯ ನವಬೃಂದಾವನ. ಇವೆರಡನ್ನೂ ನೋಡಿಕೊಂಡು ಹೋದವರು ದಾಸರ ಪದ ಅಂದರೆ ಗಂಡಸರ ಪದ ಅಂತಲೇ ತಿಳಿಯುತ್ತಾರೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲೇ ನಮ್ಮ ಸೀಮೆಯ ಪಕ್ಕದ ಹರಪನಹಳ್ಳಿಯ ಈ ಹೆಣ್ಣುಮಗಳು ದೇವರ ಪದಗಳ ಜೊತೆಗೆ ಆರತಿಗೆ, ಹಸೆಗೆ, ಮದುವೆ ಮನೆಯ ಶಾಸ್ತ್ರಗಳಿಗೆ ಬೇಕಾದ ಹಾಡುಗಳನ್ನೆಲ್ಲ ಕಟ್ಟಿದಳು. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಆ ಹಾಡುಗಳಿವೆ, ಹಾಡುವವರಲ್ಲಿ ಬಹಳ ಮಂದಿಗೆ ಅವಳು ಯಾರೆಂದು ಗೊತ್ತಿಲ್ಲ. ಕೊನೆಯ ನುಡಿಯ ಅಂಕಿತವೇ ವಿಳಾಸ. ಅದರಲ್ಲೂ ನೋಡು, ದೇವರ ಹೆಸರಿದೆ, ಅವಳದು ನೇರವಾಗಿ ಇಲ್ಲ. ಅವಳಿಗಿಂತ ಹಿಂದಿನ ಗಿರಿಯಮ್ಮನನ್ನು ‘ಹೆಳವನಕಟ್ಟೆ ರಂಗ’ ಅಂತ ಹುಡುಕಬೇಕು. ಚಂದ್ರಹಾಸನ ಕಥೆಯನ್ನು ಪೂರ್ತಿ ಹಾಡಾಗಿಸಿದವಳು ಆಕೆ. ಇವರಿಬ್ಬರ ಪದಗಳಿಗೆ ಸಂಗೀತಗಾರರ ಮಟ್ಟುಗಳೂ ಇವೆ. ನನ್ನನ್ನು ಕೇಳಿದರೆ ಮುತ್ತೈದೆಯರು ಶ್ರುತಿ ತಪ್ಪಿ ಗುಂಪಿನಲ್ಲಿ ಹಾಡಿದ್ದೇ ಹೆಚ್ಚು ರುಚಿ.

ಅಂಕಿತವೂ ಇಲ್ಲದವರದು ಇನ್ನೂ ಕಷ್ಟ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಅಂಥವರು. ಬುಡ್ಗಜಂಗಮರ ಹೆಣ್ಣುಮಗಳು. ಓದು ಬರಹ ಬಾರದು, ಮನೆಯ ಮಾತು ತೆಲುಗು, ಹಾಡಿದ್ದು ಕನ್ನಡದಲ್ಲಿ. ಬುರ್ರಕಥೆಯ ಉದ್ದುದ್ದ ಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ನಮ್ಮ ಗಂಗಾವತಿ ತಾಲ್ಲೂಕಿನ ಕುಮ್ಮಟದುರ್ಗದ ಕುಮಾರರಾಮನ ಕಥೆಯೂ ಅದರಲ್ಲೊಂದು. ಬುರ್ರಕಥೆಯಲ್ಲಿ ಕಥೆ ಹಿರಿಯರದಾದರೂ ಆ ರಾತ್ರಿಯ ಸಾಲುಗಳು ಆ ರಾತ್ರಿಯೇ ಹುಟ್ಟಬೇಕು. ಕೇಳುವವರ ಮುಖ ನೋಡಿ ಯುದ್ಧ ಮೊಟಕಾಗುತ್ತದೆ, ತಾಯಿಯ ಅಳು ಉದ್ದವಾಗುತ್ತದೆ. ಹಾಗಿರುವಾಗ ಈರಮ್ಮನನ್ನು ಬರೀ ಹಾಡುಗಾರ್ತಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಅಂತ ಗೌರವಿಸಿತು. 2014ರಲ್ಲಿ ತೀರಿಕೊಂಡರು. ಇನ್ನು ನಮ್ಮದೇ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ. ತೊಗಲುಗೊಂಬೆಯ ಪರದೆಯ ಹಿಂದೆ ಕೂತು ರಾಮಾಯಣ, ಮಹಾಭಾರತ ಆಡಿಸಿದ ಜೀವ. 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಜಿಲ್ಲೆಯವರೇ ಎಷ್ಟೋ ಜನ ಅವರ ಮುಖ ನೋಡಿದ್ದು ಅವತ್ತಿನ ಪತ್ರಿಕೆಯಲ್ಲಿ.

ಹೊಸಬರನ್ನು ಬಿಡು ಅನ್ನುತ್ತಿಲ್ಲ. ‘ನಾತಿಚರಾಮಿ’ ಚಿತ್ರಕ್ಕೆ ತಾನೇ ಸಂಗೀತ ಮಾಡಿ ತಾನೇ ಹಾಡಿ ರಾಷ್ಟ್ರಪ್ರಶಸ್ತಿ ಪಡೆದ ಬಿಂದುಮಾಲಿನಿ ನನಗೂ ಇಷ್ಟ. ಎಲ್ಲಮ್ಮನ ಪದಗಳನ್ನು ಪಟ್ಟಣದ ವೇದಿಕೆಗೆ ತಂದ ಶಿಲ್ಪಾ ಮುಡಬಿಯನ್ನು ನೀನಿನ್ನೂ ಕೇಳಿರದಿದ್ದರೆ ಮೊದಲು ಕೇಳು, ಆಮೇಲೆ ಆ ಉಸಿರಿನವಳು.

ಮುಂಗಾರಿನ ನಾಟಿಗೆ ಕಾಲುವೆಗೆ ನೀರು ಬಿಟ್ಟಾಗ ಒಮ್ಮೆ ಬಾ. ಈಗ ಗದ್ದೆಯಲ್ಲೂ ಮೊಬೈಲಿನ ಸಿನಿಮಾ ಹಾಡೇ ಜಾಸ್ತಿ, ಆದರೂ ಎತ್ತಿಕೊಡುವ ಒಬ್ಬಿಬ್ಬರಿದ್ದಾರೆ. ರೆಕಾರ್ಡ್ ಮಾಡುವ ಮುಂಚೆ ಕೇಳಿಕೋ, ಚಹಾ ಕೊಡಿಸು. ಪದ ಯಾರಿಂದ ಕಲಿತದ್ದು, ಯಾವ ಸಾಲು ಅವರೇ ಸೇರಿಸಿದ್ದು ಅಂತ ವಿಚಾರಿಸು. ಎಲ್ಲಾದರೂ ಹಾಕುವುದಾದರೆ ಅವರು ಒಪ್ಪಿದರೆ ಅವರ ಹೆಸರು ಮೇಲಿರಲಿ, ನಿನ್ನದು ಕೆಳಗೆ.

ನೀನೂ ಒಂದು ಹಾಡು ಕಟ್ಟಿದ್ದೀ ಅಂತ ನಿನ್ನಮ್ಮ ಬಾಯಿಬಿಟ್ಟಿದ್ದಾಳೆ. ಮುಚ್ಚಿಡಬೇಡ, ಕಳಿಸು. ಗಿಟಾರ್ ಸ್ವಲ್ಪ ಸಣ್ಣಗಿರಲಿ, ನನಗೆ ಮಾತು ಕೇಳಬೇಕು.

ನಿನ್ನ ಅಜ್ಜಿ