ಗೇಮ್ ಕನ್ಸೋಲ್ ಇದ್ದರೆ ಕಂಪ್ಯೂಟರ್ ಬೇಡವೇ?

ಪ್ರಶ್ನೆ: ಮಗ ಈ ವರ್ಷ ಬಿಸಿಎ ಸೇರುತ್ತಿದ್ದಾನೆ. ಪ್ಲೇಸ್ಟೇಷನ್ 5 ಕೊಡಿಸಿದರೆ ಸಾಕು, ಕಂಪ್ಯೂಟರ್ ಬೇಡ ಎನ್ನುತ್ತಾನೆ. ಎರಡನ್ನೂ ಕೊಳ್ಳುವಷ್ಟು ಹಣವಿಲ್ಲ. ಏನು ಮಾಡಲಿ?

ತಜ್ಞರ ಉತ್ತರ: ಹುಡುಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ಲೇಸ್ಟೇಷನ್ 5ರ ಒಳಗಿರುವುದು ಎಂಟು ಕೋರ್‌ಗಳ ಪ್ರೊಸೆಸರ್, 16 ಜಿಬಿ ಮೆಮೊರಿ. ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಇಷ್ಟು ಶಕ್ತಿಯಿಲ್ಲ.

ತೊಡಕಿರುವುದು ಯಂತ್ರದಲ್ಲಲ್ಲ, ಅದಕ್ಕೆ ಕಂಪನಿ ಹಾಕಿದ ಬೀಗದಲ್ಲಿ. 2006ರಲ್ಲಿ ಬಂದ ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡು ಅದನ್ನು ಕಂಪ್ಯೂಟರ್‌ನಂತೆ ಬಳಸಬಹುದಿತ್ತು. ಅಮೆರಿಕದ ವಾಯುಪಡೆಯ ಸಂಶೋಧನಾಲಯವಂತೂ ಸುಮಾರು 1,700 ಪ್ಲೇಸ್ಟೇಷನ್‌ಗಳನ್ನು ಜೋಡಿಸಿ ಸೂಪರ್‌ಕಂಪ್ಯೂಟರನ್ನೇ ಕಟ್ಟಿತು. ಆದರೆ 2010ರ ಏಪ್ರಿಲ್‌ನಲ್ಲಿ ಸೋನಿ ಒಂದು ಅಪ್‌ಡೇಟ್ ಕಳಿಸಿ ಆ ಸೌಲಭ್ಯವನ್ನು ಹಿಂಪಡೆಯಿತು. ದುಡ್ಡು ಕೊಟ್ಟು ಕೊಂಡವರ ಮನೆಯಲ್ಲಿದ್ದ ಪೆಟ್ಟಿಗೆ ಮತ್ತೆ ಆಟಕ್ಕಷ್ಟೇ ಸೀಮಿತವಾಯಿತು.

ಎಕ್ಸ್‌ಬಾಕ್ಸ್ ಸ್ವಲ್ಪ ಉದಾರಿ. ಕೀಬೋರ್ಡ್ ಚುಚ್ಚಿ, ಎಡ್ಜ್ ಬ್ರೌಸರ್ ತೆರೆದು ಗೂಗಲ್ ಡಾಕ್ಸ್‌ನಲ್ಲಿ ನಾಲ್ಕು ಪುಟ ಬರೆಯಬಹುದು. ಆದರೆ ಸೋಫಾದಿಂದ ಟಿವಿ ಪರದೆಯ ಸಣ್ಣ ಅಕ್ಷರ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ. ನುಡಿ ತಂತ್ರಾಂಶವನ್ನಾಗಲಿ, ಬಿಸಿಎ ವಿದ್ಯಾರ್ಥಿಗೆ ಬೇಕಾದ ಪೈಥಾನ್, ಜಾವಾಗಳನ್ನಾಗಲಿ ಮನೆಯ ಕಂಪ್ಯೂಟರ್‌ನಲ್ಲಿ ಹಾಕಿಕೊಂಡಂತೆ ಅಲ್ಲಿ ಹಾಕಿಕೊಳ್ಳಲಾಗದು.

2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಇದಕ್ಕೆ ಅಪವಾದ. ಅದರಲ್ಲಿ ಲಿನಕ್ಸ್ ಡೆಸ್ಕ್‌ಟಾಪ್ ಇದೆ, ಪರದೆ ಮಾತ್ರ ಏಳು ಇಂಚು.

ಹಾಗಾಗಿ ಈ ಮನೆಗೆ ಮೊದಲು ಬೇಕಿರುವುದು ಕಂಪ್ಯೂಟರ್. ಗ್ರಾಫಿಕ್ಸ್ ಕಾರ್ಡ್ ಸೇರಿಸಿಕೊಳ್ಳಲು ಜಾಗವಿರುವ ಡೆಸ್ಕ್‌ಟಾಪ್ ಕೊಂಡರೆ ಓದು ಇಂದೇ ಶುರುವಾಗುತ್ತದೆ. ಮುಂದಿನ ವರ್ಷ ಕೈಯಲ್ಲಿ ಹಣ ಓಡಾಡಿದಾಗ ಕಾರ್ಡ್ ಹಾಕಿಸಿದರೆ ಹುಡುಗನ ಆಟವೂ ಅದರಲ್ಲೇ ನಡೆಯುತ್ತದೆ.