ಕೈ ತಿರುಗಿದಷ್ಟೇ ಗಾಲಿ ತಿರುಗಲಿಲ್ಲ

ಮಳೆ ಬಿದ್ದ ಮೇಲೆ ನಮ್ಮ ತಿರ್ಲಾಪುರದ ಕಡೆ ಡಾಂಬರಿನಿಂದ ಗಾಲಿ ಇಳಿಯಿತೆಂದರೆ ಮುಗಿಯಿತು. ಎರಿ ಮಣ್ಣು ಬಿಡುವುದಿಲ್ಲ, ಟ್ರ್ಯಾಕ್ಟರೇ ಬಂದು ಎಳೆಯಬೇಕು. ಹೊಸ ಕಾರು ತಂದ ಮೂರನೇ ವಾರ ನನಗೆ ಹಾಗೇ ಆಯಿತು. ಹೊಲದ ಬದಿಯ ಎಡತಿರುವು. ಸ್ಟೇರಿಂಗ್ ಆಗಲೇ ಅರ್ಧ ಸುತ್ತು ತಿರುಗಿತ್ತು. ಎದುರಿಗೆ ಹೊಟ್ಟು ತುಂಬಿದ ಟ್ರೇಲರ್ ಬಂತು. ಹಳೇ ಕಾರಿಗೆ ಕೊಡುತ್ತಿದ್ದಷ್ಟೇ ಇನ್ನೊಂದಿಷ್ಟು ಎಡಕ್ಕೆ ಕೊಟ್ಟೆ. ಮುಂದಿನ ಗಾಲಿ ನೆಟ್ಟಗೆ ಕೆಸರಿಗೆ ಇಳಿಯಿತು.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟುತ್ತ ನಮ್ಮ ಕಾಕಾ ಅಂದರು: "ತಮ್ಮಾ, ನಿನ್ನ ಕೈ ಇನ್ನೂ ಹಳೇ ಗಾಡಿಯಾಗ ಐತಿ."

ಅವರು ಹೇಳಿದ್ದು ಅಕ್ಷರಶಃ ನಿಜ. ಹಳೇ ಕಾರಿನಲ್ಲಿ ಸ್ಟೇರಿಂಗಿನ ತಿರುವನ್ನು ಗಾಲಿಗೆ ಮುಟ್ಟಿಸುವ ರ್‍ಯಾಕಿನ ಹಲ್ಲುಗಳು ಒಂದೇ ಸಮ. ಹೊಸದರಲ್ಲಿ ನಡುವಿನ ಹಲ್ಲು ಬೇರೆ, ಎರಡೂ ಕಡೆಯ ಹಲ್ಲು ಬೇರೆ. ನಡುವೆ ನಿಧಾನ, ಹೆಚ್ಚು ತಿರುಗಿಸಿದಂತೆ ಚುರುಕು. ಗ್ಯಾರೇಜಿನಲ್ಲಿ ಅಲೈನ್‌ಮೆಂಟಿನ ತಿರುಗುತಟ್ಟೆ ಮೇಲೆ ನಿಲ್ಲಿಸಿ ಅಳೆದೆ. ಸ್ಟೇರಿಂಗಿನ ಮೊದಲ ಕಾಲು ಸುತ್ತಿಗೆ ಗಾಲಿ ಐದೂವರೆ ಡಿಗ್ರಿ ತಿರುಗಿತು, ಕೊನೆಯ ಕಾಲು ಸುತ್ತಿಗೆ ಹತ್ತಿರ ಹತ್ತಿರ ಏಳು. ಅಂದರೆ ಅನುಪಾತ ಮೊದಲು ಸುಮಾರು 16ಕ್ಕೆ 1, ಕೊನೆಗೆ 13ಕ್ಕೆ 1.

ಷೋರೂಮಿನವರ ಜೊತೆ ಹುಬ್ಬಳ್ಳಿಯಲ್ಲಿ ಓಡಿಸಿದಾಗ "ಸ್ಟೇರಿಂಗ್ ಹಗುರ ಐತಿ, ಚಲೋ ಐತಿ" ಎಂದಿದ್ದೆ. ಹಗುರ ಮಾಡುವುದು ಮೋಟರಿನ ನೆರವು, ಚುರುಕು ಮಾಡುವುದು ಹಲ್ಲಿನ ಲೆಕ್ಕ. ಎರಡನ್ನೂ ಒಂದೇ ಅಂದುಕೊಂಡಿದ್ದೆ. ಪವರ್ ನೆರವಿಲ್ಲದ ಕಾಲದ ಕೆಲವು ರ್‍ಯಾಕುಗಳಲ್ಲಿ ಇದೇ ಉಪಾಯ ತಿರುಗಾಮುರುಗಾ ಇತ್ತು: ಗಾಡಿ ನಿಲ್ಲಿಸುವಾಗ ತೋಳು ನೋಯದಿರಲೆಂದು ಕೊನೆಗೆ ನಿಧಾನ ಮಾಡುತ್ತಿದ್ದರು. ನೆರವು ಬಂದ ಮೇಲೆ ಚುರುಕು ಮಾಡಲು ಧೈರ್ಯ ಬಂತು. 1965ರ ಕ್ಯಾಡಿಲಾಕ್‌ನಲ್ಲೇ ಅಂಥದ್ದಿತ್ತು. 2003ರಲ್ಲಿ ಬಿಎಂಡಬ್ಲ್ಯು ತನ್ನ 5 ಸೀರೀಸ್‌ನಲ್ಲಿ ವೇಗ ನೋಡಿ ಅನುಪಾತ ಬದಲಿಸುವ ಗೇರು ಕೂಡಿಸಿತು. ನನ್ನ ಕಾರಿನದು ವೇಗ ನೋಡುವುದಿಲ್ಲ, ಕೈ ಎಷ್ಟು ತಿರುಗಿದೆ ಅನ್ನುವುದನ್ನಷ್ಟೇ ನೋಡುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ತಿರುವಿನಲ್ಲಿ ವೇಗ ಹೆಚ್ಚಾದಾಗ ಮುಂದಿನ ಟೈರು ಜಾರಿ ಮೂತಿ ಹೊರಗೆ ಹೋಗುತ್ತದೆ, ನಾವು ಇನ್ನಷ್ಟು ತಿರುಗಿಸುತ್ತೇವೆ. ಆ ಇನ್ನಷ್ಟು ಎಷ್ಟು ಅನ್ನುವುದೇ ಚಾಲಕನಿಗೆ ಸಿಗುವ ಎಚ್ಚರಿಕೆ. ಚುರುಕು ಹಲ್ಲು ಬಂದಲ್ಲಿ ಸ್ವಲ್ಪವೇ ತಿರುಗಿಸಿದರೂ ಗಾಲಿ ಬಹಳ ತಿರುಗುತ್ತದೆ. ಟೈರು ಸೋಲುತ್ತಿದ್ದರೂ ಕೈಗೆ ಅದು ಕಡಿಮೆ ಅನಿಸುತ್ತದೆ. ಪರೀಕ್ಷಕರು ಒಂದೇ ವೃತ್ತದಲ್ಲಿ ಓಡಿಸಿ ಅಳೆಯುವಾಗಲೂ ಸ್ಟೇರಿಂಗ್ ಕೋನವನ್ನು ಒಂದೇ ಸಂಖ್ಯೆಯಿಂದ ಭಾಗಿಸಿದರೆ ಉತ್ತರ ತಪ್ಪುತ್ತದೆ. ಪ್ರತಿ ಕೋನದ ಅನುಪಾತ ಮೊದಲೇ ಅಳೆದಿರಬೇಕು.

ಈಗ ಯಾರಾದರೂ ಕಾರು ನೋಡಲು ಕರೆದರೆ ಸ್ಟೇರಿಂಗಿನ ನೆತ್ತಿಗೆ ಬಿಳಿ ಟೇಪು ಅಂಟಿಸುತ್ತೇನೆ. ನೆಟ್ಟಗಿನ ರಸ್ತೆಯಲ್ಲಿ ಬೆರಳಷ್ಟು ಅತ್ತಿತ್ತ ಆಡಿಸಿ ನೋಡುತ್ತೇನೆ. ಆಮೇಲೆ ಖಾಲಿ ಬಯಲಿನಲ್ಲಿ ನಿಧಾನವಾಗಿ ಕಾಲು ಸುತ್ತು, ಅರ್ಧ ಸುತ್ತು, ಪೂರ್ತಿ. ಟೇಪು ಎಲ್ಲಿದ್ದಾಗ ಕಾರು ಎಷ್ಟು ತಿರುಗಿತು ಎಂದು ಪಕ್ಕದಲ್ಲಿ ಕುಂತವರಿಗೂ ತೋರಿಸುತ್ತೇನೆ. ಕೊಳ್ಳುವವರನ್ನೇ ಓಡಿಸಲು ಹಚ್ಚಿ, ಮಳೆಗಾಲಕ್ಕೆ ಮುಂಚೆ ಕೈ ರೂಢಿಯಾಗಲಿ ಎಂದು ಇನ್ನೆರಡು ಸುತ್ತು ಹೊಡೆಸುತ್ತೇನೆ.